ಸಿಸ್ಟರ್ ಪಾಯಿಂಟು, ಕತ್ತರಿ ಅಕ್ಕನ ರಜೆ

ಎಲ್ಲರೂ ಅವಳನ್ನು ಕತ್ತರಿ ಅಕ್ಕ ಎಂದೇ ಕರೆಯುತ್ತಿದ್ದರು, ಅವಳಿಗಿಂತ ವಯಸ್ಸಿನಲ್ಲಿ ಬಹಳ ದೊಡ್ಡವರು ಕೂಡ. ಔಷಧಿ ಅಂಗಡಿಗೂ ಬೀಗ ರಿಪೇರಿಯವನ ಗೂಡಿಗೂ ನಡುವೆ ಅವಳ ಪಾರ್ಲರ್ ಇತ್ತು. ಎರಡು ಕುರ್ಚಿ, ತಲೆ ತೊಳೆಯಲು ಒಂದು ಬೇಸಿನ್, ಕಾಯುವವರಿಗೆ ಒಂದು ಬೆಂಚು. ಒಂದು ಕುರ್ಚಿ ಅವಳದು. ಇನ್ನೊಂದನ್ನು ನೋಡಿಕೊಳ್ಳುವವಳು ಅವಳ ಜೊತೆಗಾರ್ತಿ. ಬಾಯಲ್ಲಿ ಸದಾ ಕ್ಲಿಪ್ಪು ಕಚ್ಚಿಕೊಂಡೇ ಮಾತಾಡುವ ಅಭ್ಯಾಸ ಈ ಜೊತೆಗಾರ್ತಿಗೆ.

ಕತ್ತರಿ ಅಕ್ಕ ಈ ಕೆಲಸ ಕಲಿತದ್ದು ತಂಗಿಯರ ತಲೆಯ ಮೇಲೆ. ಹಿರಿಮಗಳಾದ್ದರಿಂದ ಅವರ ಕೂದಲು ಅವಳ ಪಾಲಿಗೆ ಬಂತು. ಮೊದಲ ಸಲ ಕಿರಿಯವಳ ಮುಂಗೂದಲು ಕತ್ತರಿಸಿದಾಗ, ಎಡಕ್ಕೆ ಸ್ವಲ್ಪ ಸರಿ ಮಾಡೋಣ, ಬಲಕ್ಕೆ ಸ್ವಲ್ಪ ಸರಿ ಮಾಡೋಣ ಎನ್ನುತ್ತಾ ಅದು ಹಣೆಯ ನಡುವಿಗೇರಿ, ಆ ಹುಡುಗಿ ವಾರವಿಡೀ ತಲೆಗೆ ಬಟ್ಟೆ ಕಟ್ಟಿಕೊಂಡು ಶಾಲೆಗೆ ಹೋಗಿದ್ದಳು. ಆಮೇಲೆ ಕೈ ಪಳಗಿತು. ಬೇರೆಯವರ ಅಂಗಡಿಯಲ್ಲಿ ನೆಲಕ್ಕೆ ಬಿದ್ದ ಕೂದಲು ಗುಡಿಸಿದಳು, ತಲೆ ತೊಳೆದಳು, ಕುರ್ಚಿಯ ಹಿಂದೆ ನಿಂತಳು, ಕೊನೆಗೆ ಸ್ವಂತ ಬೋರ್ಡು ಹಾಕಿದಳು.

ಶಾಲೆಗಳಿಗೆ ರಜೆ ಬಂತೆಂದರೆ ಅವಳಿಗೆ ಸುಗ್ಗಿ. ಊರಿಗೆ ಊರೇ ಪ್ರವಾಸ ಹೊರಡುತ್ತಿತ್ತು, ಹೊರಡುವ ಮುನ್ನ ಎಲ್ಲರಿಗೂ ತಲೆ ನೆಟ್ಟಗಾಗಬೇಕು. "ನಾಳೆ ಹೊರಡ್ತಿದೀವಿ ಅಕ್ಕ, ಫೋಟೋದಲ್ಲಿ ಚೆನ್ನಾಗಿ ಕಾಣ್ಬೇಕು" ಎನ್ನುತ್ತಾ ಬಂದು ಕೂರುತ್ತಿದ್ದರು. ರಜೆ ಮುಗಿಸಿ ಬಂದವರು ಬಿಸಿಲಿಗೆ ಕೆಂಪಾದ ಕೂದಲು ಹೊತ್ತು ಮತ್ತೆ ಬರುತ್ತಿದ್ದರು. ಹೀಗೆ ಅವಳು ಸಮುದ್ರ ಕಂಡದ್ದು ಒಬ್ಬರ ಬಾಯಲ್ಲಿ, ಹಿಮ ಕಂಡದ್ದು ಇನ್ನೊಬ್ಬರ ಬಾಯಲ್ಲಿ. ಹೊಟ್ಟೆಕಿಚ್ಚು ಅವಳ ಜಾಯಮಾನದಲ್ಲೇ ಇರಲಿಲ್ಲ. ಆದರೆ ಆಸೆಯಿತ್ತು, ಅದರಲ್ಲೂ ಥೀಮ್ ಪಾರ್ಕಿನ ಮೇಲೆ. ಯಾವುದೋ ಮಗು ಅಲ್ಲಿನ ದೊಡ್ಡ ರೋಲರ್ ಕೋಸ್ಟರ್ ಕತೆ ಹೇಳುತ್ತಿದ್ದರೆ ಕತ್ತರಿ ನಿಲ್ಲಿಸಿ "ಆಮೇಲೆ? ತಲೆಕೆಳಗಾದ ಮೇಲೆ?" ಎಂದು ಕೇಳುತ್ತಿದ್ದಳು.

ಅವಳ ಗಿರಾಕಿಗಳಲ್ಲಿ ಒಬ್ಬರು ನಿವೃತ್ತ ನರ್ಸು. ಆಸ್ಪತ್ರೆ ಬಿಟ್ಟು ವರ್ಷಗಳಾದರೂ ಬೀದಿಗೆಲ್ಲ ಅವರು ಸಿಸ್ಟರೇ. ತಿಂಗಳಿಗೊಮ್ಮೆ ಕೂದಲಿಗೆ ಬಣ್ಣ ಹಚ್ಚಿಸಿಕೊಳ್ಳಲು ಬರುತ್ತಿದ್ದರು. ಹಾಗೆ ಬಂದ ಒಂದು ದಿನ, ಕನ್ನಡಿಯಲ್ಲಿ ಅವಳ ಮುಖ ನೋಡುತ್ತಾ, "ನಿನ್ನ ಮಕ್ಕಳನ್ನ ಎಲ್ಲಿಗಾದ್ರೂ ಕರ್ಕೊಂಡು ಹೋಗಿದೀಯೇನಮ್ಮಾ?" ಎಂದು ಕೇಳಿದರು.

"ಹೋದ ವರ್ಷ ನಮ್ಮ ಚಿಕ್ಕ ತಂಗಿ ಮನೆಗೆ ಹೋಗಿದ್ವಲ್ಲ ಸಿಸ್ಟರ್."

"ಅದು ಪ್ರವಾಸ ಅಲ್ಲ, ಪಾತ್ರೆ ತೊಳೆಯೋ ಜಾಗ ಬದಲಾಯಿಸಿದ್ದು. ನನ್ನ ಹತ್ರ ಪಾಯಿಂಟು ಕೊಳೀತಾ ಬಿದ್ದಿದೆ. ಬಾಡಿಗೆಗೆ ತಗೋತೀಯಾ?"

ಕತ್ತರಿ ಅಕ್ಕನಿಗೆ ಅರ್ಥವಾಗಲಿಲ್ಲ. ಸಿಸ್ಟರ್ ಬಿಡಿಸಿ ಹೇಳಿದರು. "ಮಕ್ಕಳು ಚಿಕ್ಕವರಿದ್ದಾಗ ಒಬ್ಬ ಟೈ ಕಟ್ಟಿದವನು ನಮಗೆ ಊಟ ಹಾಕಿಸಿ, ಬಣ್ಣಬಣ್ಣದ ಫೋಟೋ ತೋರಿಸಿ, ಗಂಡ ಹೆಂಡತಿ ಇಬ್ಬರ ಹತ್ರಾನೂ ಸಹಿ ಹಾಕಿಸಿಕೊಂಡ. ಥೀಮ್ ಪಾರ್ಕ್ ಪಕ್ಕದ ರಿಸಾರ್ಟಲ್ಲಿ ನಮಗೂ ಒಂದು ಪಾಲು. ಪಾಲು ಅಂದ್ರೆ ಇಟ್ಟಿಗೆ ಅಲ್ಲ, ಗೋಡೆ ಅಲ್ಲ. ವರ್ಷ ವರ್ಷ ಖಾತೆಗೆ ಇಷ್ಟು ಪಾಯಿಂಟು ಅಂತ ಬೀಳತ್ತೆ, ಅದನ್ನ ಕೊಟ್ಟರೆ ರೂಮು ಸಿಗತ್ತೆ. ಆ ವರ್ಷ ಬಳಸದಿದ್ರೆ ಹಾಲು ಒಡೆದ ಹಾಗೆ, ಹೋಯ್ತು. ಈಗ ನಮ್ಮ ಮಕ್ಕಳಿಗೆ ಬೆಟ್ಟ ಹತ್ತೋ ಹುಚ್ಚು. ನನಗೂ ನಮ್ಮ ಯಜಮಾನರಿಗೂ ಸೇರಿ ನೆಟ್ಟಗಿರೋ ಮಂಡಿ ಒಂದೇ. ರೂಮು ನಾನು ಬುಕ್ ಮಾಡ್ತೀನಿ, ಅತಿಥಿ ಅಂತ ನಿನ್ನ ಹೆಸರು ಬರೆಸ್ತೀನಿ. ಅಲ್ಲಿನ ಕೌಂಟರಲ್ಲಿ ಕೇಳೋ ಬಾಡಿಗೆಯ ಅರ್ಧವೂ ನನಗೆ ಬೇಡ."

"ಬಾಡಿಗೆ ಅಂತೂ ತಗೋತೀರಲ್ಲ?"

"ತಗೊಳ್ದೆ ಇರ್ತೀನಾ? ಸುಮ್ಮನೆ ಕೊಟ್ಟರೆ ನೀನು ಬಣ್ಣ ಹಾಕಿದ್ದಕ್ಕೆ ದುಡ್ಡು ಬೇಡ ಅಂತೀಯ. ಆಮೇಲೆ ನಾನು ಬೇರೆ ಪಾರ್ಲರ್ ಹುಡುಕಬೇಕು."

ಆ ದಿನ ಕತ್ತರಿ ಅಕ್ಕ ಮನೆಗೆ ಬಂದದ್ದು ನಡೆದುಕೊಂಡೋ ಹಾರಿಕೊಂಡೋ ಅವಳಿಗೇ ಗೊತ್ತಿಲ್ಲ. ಮನೆಯಲ್ಲಿ ಗಂಡ, ಅತ್ತೆ, ಏಳನೇ ತರಗತಿಯ ಮಗಳು, ಆಗಷ್ಟೇ ಒಂದನೇ ತರಗತಿಗೆ ಸೇರಿದ ಮಗ. ಗಂಡ ಲಿಫ್ಟ್ ಮೆಕ್ಯಾನಿಕ್. ದಿನವಿಡೀ ದೊಡ್ಡ ಕಟ್ಟಡಗಳ ಹೊಟ್ಟೆಯೊಳಗೆ ನಿಂತು, ಯಾವ ತಂತಿ ಸವೆದಿದೆ, ಯಾವ ಬಾಗಿಲು ತಡವಾಗಿ ಮುಚ್ಚುತ್ತದೆ ಎಂದು ನೋಡುವವನು. ಹಾಗಾಗಿ ಎಲ್ಲದರಲ್ಲೂ ಮೊದಲು ಅನುಮಾನ, ಆಮೇಲೆ ಮಾತು.

"ಮನೆ ಬಾಡಿಗೆ ಕೇಳಿದೀನಿ, ಸೈಕಲ್ ಬಾಡಿಗೆ ಕೇಳಿದೀನಿ. ಕಣ್ಣಿಗೆ ಕಾಣದೇ ಇರೋ ಪಾಯಿಂಟಿಗೆ ಬಾಡಿಗೆನಾ?" ಎಂದ.

"ರೂಮು ಕಣ್ಣಿಗೆ ಕಾಣತ್ತಲ್ಲ ರೀ."

"ಅಲ್ಲಿಗೆ ಹೋದ ಮೇಲೆ ಕಾಣ್ಬೇಕು. ಕಾಣದಿದ್ರೆ ಮಕ್ಕಳನ್ನ ಬೀದೀಲಿ ನಿಲ್ಲಿಸ್ತೀಯಾ?"

ಅತ್ತೆ ತಟ್ಟೆಯಿಂದ ತಲೆ ಎತ್ತದೆ, "ನಾನಂತೂ ಬರಲ್ಲಪ್ಪ. ನೀವು ಹೋಗಿಬನ್ನಿ, ಮನೆ ಕಾಯೋಕೆ ಒಬ್ಬರಾದ್ರೂ ಬೇಕಲ್ಲ" ಎಂದರು. ಮಗಳು ಫೋನಿನಿಂದ ಕಣ್ಣು ಕೀಳಲಿಲ್ಲ. ಅವಳು ಆ ವರ್ಷ ಎಲ್ಲದಕ್ಕೂ "ಹೂಂ" ಎನ್ನುವ ವಯಸ್ಸಿಗೆ ಕಾಲಿಟ್ಟಿದ್ದಳು. ಮಗ ಮಾತ್ರ ಕುರ್ಚಿಯ ಮೇಲೆ ಹತ್ತಿ ಕೂತು, ಥೀಮ್ ಪಾರ್ಕಿನಲ್ಲಿ ಡೈನೋಸಾರ್ ಇದೆಯೋ ಇಲ್ಲವೋ ಈಗಲೇ ಹೇಳಬೇಕೆಂದು ಹಟ ಹಿಡಿದ.

ಭಾನುವಾರ ಗಂಡನನ್ನು ಎಳೆದುಕೊಂಡು ಕತ್ತರಿ ಅಕ್ಕ ಸಿಸ್ಟರ್ ಮನೆಗೆ ಹೋದಳು. ಅವನು ಲಿಫ್ಟ್ ತಪಾಸಣೆ ಮಾಡುವ ಹಾಗೆ ಒಂದೊಂದೇ ಪ್ರಶ್ನೆ ಇಟ್ಟ. ಸಿಸ್ಟರ್ ಬೇಸರಪಡದೆ ಉತ್ತರ ಕೊಟ್ಟರು. ಅರ್ಧ ಹಣ ಈಗ, ಇನ್ನರ್ಧ ರಿಸಾರ್ಟಿನಿಂದ ಅತಿಥಿಯ ಹೆಸರಿರುವ ಪತ್ರ ಬಂದ ಮೇಲೆ. ಬೇಕಾದರೆ ರಿಸಾರ್ಟಿಗೆ ನೀವೇ ಫೋನ್ ಮಾಡಿ ಕೇಳಿಕೊಳ್ಳಿ.

"ಆಮೇಲೆ ನೀವೇ ಕ್ಯಾನ್ಸಲ್ ಮಾಡಿಬಿಟ್ರೆ?" ಎಂದು ಅವನು ಕೊನೆಯ ಅಸ್ತ್ರ ಬಿಟ್ಟ. ಕತ್ತರಿ ಅಕ್ಕ ನಾಚಿಕೆಯಿಂದ ಕೈಯಲ್ಲಿದ್ದ ಲೋಟದೊಳಗೆ ಮುಖ ಇಟ್ಟಳು.

"ಮಾಡಬಹುದು" ಎಂದರು ಸಿಸ್ಟರ್. "ನೀವು ರೂಮಿನ ಟಿವಿ ಒಡೆದುಹಾಕಿದ್ರೆ ಅದರ ಬಿಲ್ಲು ನನ್ನ ಹೆಸರಿಗೆ ಬರತ್ತೆ. ಅದನ್ನ ನಾನು ಕೇಳಿದ್ನಾ?"

ಅವನು ನಕ್ಕ. ಮೆಟ್ಟಿಲಿಳಿಯುವಾಗ ಹೆಂಡತಿಗೆ, "ಹೆಂಗಸು ಗಟ್ಟಿ. ಆಯ್ತು, ಮುಂದುವರಿ" ಎಂದ.

ಇನ್ನು ರೂಮು ಸಿಗಬೇಕಿತ್ತು. ರಜೆಯ ದಿನಗಳ ಬುಕಿಂಗು ಒಂದು ಗೊತ್ತಾದ ದಿನ ಬೆಳಗ್ಗೆ ಒಂಬತ್ತಕ್ಕೆ ತೆರೆಯುತ್ತದೆ, ತೆರೆದ ಸ್ವಲ್ಪ ಹೊತ್ತಿಗೇ ರೂಮೆಲ್ಲ ಭರ್ತಿ. ಕಂಪ್ಯೂಟರಿನಲ್ಲಿ ಮಾಡಲು ಹೋದರೆ ಚಕ್ರ ತಿರುಗುತ್ತಲೇ ಇರುತ್ತದೆ, ಫೋನೇ ವಾಸಿ ಎನ್ನುವುದು ಸಿಸ್ಟರ್ ಅನುಭವ. ಆ ದಿನವೇ ಅವರ ಬಣ್ಣದ ದಿನವೂ ಆಗಿತ್ತು. "ಫೋನು ಎಲ್ಲಿಂದ ಮಾಡಿದ್ರೇನು, ಅಲ್ಲೇ ಕೂತು ಮಾಡ್ತೀನಿ" ಎಂದು ಪಾರ್ಲರಿಗೇ ಬಂದರು.

ತಲೆತುಂಬ ಬಣ್ಣ ಮೆತ್ತಿಕೊಂಡು, ಕಿವಿಗೆ ಪ್ಲಾಸ್ಟಿಕ್ ಸುತ್ತಿಕೊಂಡು, ಫೋನನ್ನು ಸ್ಪೀಕರಿಗೆ ಹಾಕಿ ಮಡಿಲಲ್ಲಿಟ್ಟುಕೊಂಡು ಸಿಸ್ಟರ್ ಕೂತರು. ಅದರಿಂದ ವಾದ್ಯ ಸಂಗೀತ ಶುರುವಾಯಿತು. ನಡುನಡುವೆ ಒಂದು ಸಿಹಿ ದನಿ, ನಿಮ್ಮ ಕರೆ ನಮಗೆ ಅಮೂಲ್ಯ ಎನ್ನುತ್ತಿತ್ತು. ಬೆಂಚಿನಲ್ಲಿ ಕಾಯುತ್ತಿದ್ದ ಇಬ್ಬರು ಹೆಂಗಸರು ವಿಷಯ ತಿಳಿದು ತಮ್ಮ ಸರದಿಯನ್ನೇ ಮರೆತರು. ಜೊತೆಗಾರ್ತಿ ಡ್ರೈಯರ್ ಆರಿಸಿದಳು. ಬಣ್ಣದ ಸಮಯ ಮುಗಿಯುತ್ತಾ ಬಂತು, ಸಂಗೀತ ಮುಗಿಯಲಿಲ್ಲ.

"ಸಿಸ್ಟರ್, ಇನ್ನೂ ಬಿಟ್ರೆ ತಲೆ ಇದ್ದಿಲಾಗತ್ತೆ."

"ತೊಳಿ ಹಾಗಾದ್ರೆ. ಕಿವಿ ಮಾತ್ರ ಬಿಟ್ಟು ತೊಳಿ."

ಬೇಸಿನ್ನಿಗೆ ತಲೆಯಿಟ್ಟು ಅವರು ಹಿಂದಕ್ಕೆ ಒರಗಿದರು, ನೀರು ಬಿಟ್ಟದ್ದೇ ತಡ, ಫೋನಿನಲ್ಲಿ ಹುಡುಗಿಯೊಬ್ಬಳು "ಹಲೋ" ಎಂದಳು. ಕತ್ತರಿ ಅಕ್ಕ ನಲ್ಲಿ ಮುಚ್ಚಿ, ಒದ್ದೆ ಕೈಯಲ್ಲೇ ಫೋನು ಎತ್ತಿ ಸಿಸ್ಟರ್ ಬಾಯಿಯ ಮುಂದೆ ಹಿಡಿದಳು. ಆ ಹುಡುಗಿ ಮೊದಲು ಗುರುತಿನ ಪ್ರಶ್ನೆ ಕೇಳಿದಳು. ನೀವು ಮೊದಲು ಸಾಕಿದ ಪ್ರಾಣಿಯ ಹೆಸರೇನು?

ಸಿಸ್ಟರ್ ನಾಯಿಯ ಹೆಸರು ಹೇಳಿದರು. ತಪ್ಪು. ಬೆಕ್ಕಿನ ಹೆಸರು ಹೇಳಿದರು. ಅದೂ ತಪ್ಪು. ಇನ್ನೊಂದು ಸಲ ತಪ್ಪಾದರೆ ಖಾತೆಗೆ ಬೀಗ ಬೀಳುತ್ತದೆ ಎಂದಳು ಹುಡುಗಿ. ಸಿಸ್ಟರ್ ಛಾವಣಿ ನೋಡುತ್ತಾ ಮಲಗಿದ್ದರು, ಕೂದಲಿನಿಂದ ಕಪ್ಪು ನೀರು ತೊಟ್ಟಿಕ್ಕುತ್ತಿತ್ತು.

"ನಮ್ಮ ಯಜಮಾನರೇ ಬರೆಸಿದ್ದು ಆ ಉತ್ತರ" ಎಂದು ಗಂಡನನ್ನು ಮನಸ್ಸಿನಲ್ಲೇ ಬೈದುಕೊಂಡವರು ತಟ್ಟನೆ, "ಆಮೆ" ಎಂದರು. "ಇವರ ಹತ್ರ ಚಿಕ್ಕಂದಿನಲ್ಲಿ ಒಂದು ಆಮೆ ಇತ್ತು." ಆಮೆಯ ಹೆಸರು ಹೇಳಿದರು. ಅದು ಸರಿಯಾಗಿತ್ತು. ಬೆಂಚಿನ ಹೆಂಗಸರಲ್ಲಿ ಒಬ್ಬಳು ಚಪ್ಪಾಳೆ ತಟ್ಟಿಯೇಬಿಟ್ಟಳು.

ಆದರೆ ರೂಮುಗಳೆಲ್ಲ ಆಗಲೇ ಹೋಗಿದ್ದವು. ಉಳಿದದ್ದು ಒಂದೇ, ಪಾರ್ಕಿನ ಕಡೆಗೆ ಬಾಲ್ಕನಿ ಇರುವ ಕುಟುಂಬದ ರೂಮು, ಅದೂ ರಜೆಯ ಮೊದಲ ವಾರದಲ್ಲಿ. ಅಂದರೆ ಪಾರ್ಲರಿನ ಸುಗ್ಗಿಯ ವಾರದಲ್ಲಿ. ಆ ವಾರದ ದುಡಿಮೆ ಕೈಬಿಟ್ಟವಳಲ್ಲ ಕತ್ತರಿ ಅಕ್ಕ, ಜ್ವರ ಬಂದಾಗಲೂ ಬಂದು ನಿಂತವಳು.

"ಬೇಗ ಹೇಳಮ್ಮಾ" ಎಂದರು ಸಿಸ್ಟರ್. "ಇನ್ನೂ ಎಷ್ಟು ಜನ ಲೈನಲ್ಲಿ ಇದಾರೋ."

ಅವಳು ಜೊತೆಗಾರ್ತಿಯ ಮುಖ ನೋಡಿದಳು. ಜೊತೆಗಾರ್ತಿ ಬಾಯಿಂದ ಕ್ಲಿಪ್ಪು ತೆಗೆದಳು. ಅದೇ ದೊಡ್ಡ ವಿಷಯ. "ಹೋಗಕ್ಕಾ. ಕುರ್ಚಿ ಎಲ್ಲಿಗೂ ಓಡಿಹೋಗಲ್ಲ, ನಾನು ಇದೀನಿ" ಎಂದಳು.

"ನನ್ನ ತಲೆ ನಾನು ಅವಳ ಹತ್ರಾನೇ ಕೊಡ್ತೀನಿ, ಹೋಗು" ಎಂದಿತು ಬೆಂಚು.

"ತಗೊಳ್ಳಿ ಸಿಸ್ಟರ್" ಎಂದಳು ಕತ್ತರಿ ಅಕ್ಕ. ಹೇಳುವಾಗ ಫೋನು ಒದ್ದೆ ಕೈಯಿಂದ ಜಾರಿ ಇನ್ನೇನು ಬೇಸಿನ್ನಿಗೆ ಬೀಳುವುದಿತ್ತು. ಅವಳ ಹೆಸರನ್ನು ಸಿಸ್ಟರ್ ಮಲಗಿದಲ್ಲಿಂದಲೇ ಅಕ್ಷರ ಅಕ್ಷರ ಬಿಡಿಸಿ ಹೇಳಿದರು. ಸಂಜೆಗೆ ಪತ್ರ ಬಂತು. ಗಂಡ ಅದನ್ನು ಕನ್ನಡಕ ಹಾಕಿಕೊಂಡು ಓದಿ, ರಿಸಾರ್ಟಿಗೆ ಫೋನು ಮಾಡಿ ಖಾತ್ರಿ ಮಾಡಿಕೊಂಡು, ಪ್ಲಾಸ್ಟಿಕ್ ಚೀಲದೊಳಗೆ ಹಾಕಿ ಬೀರುವಿನಲ್ಲಿಟ್ಟ.

ಬ್ಯಾಗು ತುಂಬುವ ದಿನ ಕತ್ತರಿ ಅಕ್ಕ ಅಟ್ಟದಿಂದ ಸೂಟ್‌ಕೇಸು ಇಳಿಸಿ ನೋಡಿದರೆ ಅದಾಗಲೇ ಅರ್ಧ ತುಂಬಿತ್ತು. ಅತ್ತೆಯ ಬಟ್ಟೆ, ಅತ್ತೆಯ ಮಾತ್ರೆ, ಅತ್ತೆಯ ಕ್ಯಾನ್ವಾಸ್ ಶೂ.

"ಮನೆ ಕಾಯ್ತೀನಿ ಅಂದ್ರಲ್ಲ ಅತ್ತೆ?"

"ಮನೆಗೇನು ಕಾಲಿದೆಯಾ? ಬೀಗ ಹಾಕಿದ್ರೆ ಇದ್ದಲ್ಲೇ ಇರತ್ತೆ" ಎಂದರು ಅತ್ತೆ.

ಬಸ್ಸಿಳಿದು ರಿಸಾರ್ಟಿನ ಬಾಗಿಲು ದಾಟಿದಾಗ ಗಂಡ ಎಲ್ಲರಿಗಿಂತ ಮುಂದಿದ್ದ. ಪರೀಕ್ಷೆ ಬರೆಯಲು ಹೋಗುವ ಹುಡುಗನ ಹಾಗೆ ಪತ್ರ, ಗುರುತಿನ ಚೀಟಿ, ಅವುಗಳ ನಕಲು ಎಲ್ಲ ಎದೆಗವಚಿಕೊಂಡಿದ್ದ. ಏನಾದರೂ ತಕರಾರು ಬಂದರೆ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ವಾದ ಮಾಡಿಕೊಂಡು ಬಂದಿದ್ದ. ಕೌಂಟರಿನ ಹುಡುಗ ಪತ್ರ ನೋಡಿದ, ಕಂಪ್ಯೂಟರ್ ನೋಡಿದ, "ಬನ್ನಿ ಸರ್, ನಿಮಗೇ ಕಾಯ್ತಿದ್ವಿ" ಎಂದು ಎರಡು ಕೀ ಕಾರ್ಡು ಕೈಗಿಟ್ಟ.

"ಅಷ್ಟೇನಾ?" ಎಂದ ಗಂಡ.

"ಅಷ್ಟೇ ಸರ್."

ಅವನ ಮುಖ ನೋಡಿ ಕತ್ತರಿ ಅಕ್ಕನಿಗೆ ನಗು ತಡೆಯಲಾಗಲಿಲ್ಲ. ಸಿದ್ಧಮಾಡಿಕೊಂಡ ಜಗಳ ಹಾಗೇ ಉಳಿದುಹೋದದ್ದಕ್ಕೆ ಪಾಪ ಅವನಿಗೆ ಸ್ವಲ್ಪ ನಿರಾಸೆಯೇ ಆಗಿತ್ತು. ಎಲ್ಲರನ್ನೂ ರೂಮಿಗೆ ಬಿಟ್ಟು ಅವನು ಲಿಫ್ಟಿನಲ್ಲಿ ಸುಮ್ಮನೆ ಮೇಲೆ ಕೆಳಗೆ ಓಡಾಡಿ ಬಂದ. "ಚೆನ್ನಾಗಿ ಇಟ್ಕೊಂಡಿದಾರೆ" ಎಂದ. ಅವನ ಪಾಲಿಗೆ ರಜೆ ಶುರುವಾದದ್ದು ಆಗಲೇ.

ರೂಮಿನಲ್ಲಿ ಮಕ್ಕಳಿಗೆ ಏಣಿಯಿರುವ ಮಂಚ, ಒಂದು ಪುಟ್ಟ ಅಡುಗೆಮನೆ, ಅದರೊಳಗೆ ಅತ್ತೆ ಒಂದೊಂದಾಗಿ ತೆರೆದು ನೋಡಿದ ಕಪಾಟುಗಳು. ಬಾಲ್ಕನಿಯ ಬಾಗಿಲು ಸರಿಸಿದಾಗ ದೂರದಿಂದ ಒಂದು ಕೂಗು ಅಲೆಯಂತೆ ಎದ್ದು ಬಂತು. ದೊಡ್ಡ ರೋಲರ್ ಕೋಸ್ಟರಿನ ಮೇಲಿದ್ದವರ ಕೂಗು. ಮರಗಳ ಮೇಲೆ ಅದರ ಕೆಂಪು ಹಳಿ ಆಕಾಶಕ್ಕೆ ಗೀಚಿದ ಹಾಗೆ ಕಾಣುತ್ತಿತ್ತು. ಕತ್ತರಿ ಅಕ್ಕ ಕಂಬಿ ಹಿಡಿದು ನಿಂತೇ ಇದ್ದಳು. ಚಹಾ ಆರಿಹೋಯಿತು.

ಮರುದಿನ ಬೆಳಗ್ಗೆ ಪಾರ್ಕಿನ ಬಾಗಿಲು ತೆರೆಯುವ ಮೊದಲೇ ಅವರ ಕುಟುಂಬ ಸಾಲಿನಲ್ಲಿತ್ತು. ಮೊದಲು ಯಾವುದು ಎಂಬ ಚರ್ಚೆಗೇ ಅವಕಾಶವಿರಲಿಲ್ಲ. ಕೆಂಪು ಹಳಿಯ ಕಡೆಗೆ ಕತ್ತರಿ ಅಕ್ಕ ಹೊರಟಿದ್ದಳು, ಉಳಿದವರು ಅವಳ ಹಿಂದೆ. ಅಲ್ಲಿ ಎತ್ತರ ಅಳೆಯುವ ಹಲಗೆ ಇತ್ತು. ಮಗನ ತಲೆ ಗೆರೆಯಿಂದ ಎರಡು ಬೆರಳಷ್ಟು ಕೆಳಗೆ ನಿಂತಿತು. ಅವನ ತುಟಿ ನಡುಗಿತು.

"ಅಳಬೇಡ, ಇರು" ಎಂದು ಅವಳು ಅವನನ್ನು ಪಕ್ಕಕ್ಕೆ ಕರೆದುಕೊಂಡು ಹೋದಳು. ಕೈಚೀಲದಲ್ಲಿ ಬಾಚಣಿಗೆ, ಜೆಲ್ಲು ಇಲ್ಲದೆ ಅವಳು ಎಲ್ಲಿಗೂ ಹೊರಟವಳಲ್ಲ. ನೋಡನೋಡುತ್ತಿದ್ದಂತೆ ಅವನ ಕೂದಲು ಬುಡದಿಂದ ಎದ್ದು ಗೋಪುರವಾಯಿತು. ಮಗ ಕತ್ತು ನೆಟ್ಟಗೆ ಮಾಡಿಕೊಂಡು ಹೋಗಿ ಹಲಗೆಯ ಕೆಳಗೆ ನಿಂತ. ಗೆರೆ ದಾಟಿದ್ದ. ಅಲ್ಲಿದ್ದ ಕೆಲಸದವಳು ಕೂದಲನ್ನು ಒಮ್ಮೆ ನೋಡಿ, ತಾಯಿಯನ್ನೊಮ್ಮೆ ನೋಡಿ, ಅಂಗೈಯಿಂದ ಗೋಪುರವನ್ನು ಮೆಲ್ಲಗೆ ಒತ್ತಿದಳು. ಅದು ಕುಸಿಯಿತು.

"ಕೆಲಸ ಮಾತ್ರ ಚೆನ್ನಾಗಿ ಮಾಡಿದೀರ ಮೇಡಂ" ಎಂದಳು ಅವಳು. ಸಾಲಿನಲ್ಲಿದ್ದವರೆಲ್ಲ ನಕ್ಕರು. ಮಗನಿಗೂ ಅಳು ಮರೆತು ನಗು ಬಂತು. "ಬಾರೋ, ನಮ್ಮಿಬ್ಬರಿಗೆ ನೀರಿನ ದೋಣಿ ಇದೆ" ಎಂದು ಅಪ್ಪ ಅವನನ್ನು ಹೆಗಲಿಗೇರಿಸಿಕೊಂಡ. ಆ ದೋಣಿಯಿಂದ ಅವರಿಬ್ಬರೂ ಬಂದಾಗ ಅಪ್ಪನ ಜೇಬಿನಿಂದಲೂ ನೀರು ಸುರಿಯುತ್ತಿತ್ತು.

ಸಾಲು ಮುಂದೆ ಸರಿದಂತೆ ಅತ್ತೆಯೂ ಸರಿಯುತ್ತಿದ್ದರು. "ಅತ್ತೆ, ನೀವು ಹೊರಗೆ ಬೆಂಚಲ್ಲಿ ಕೂತ್ಕೊಳ್ಳಿ" ಎಂದಳು ಕತ್ತರಿ ಅಕ್ಕ.

"ಯಾಕೆ? ನಾನು ಗೆರೆಗಿಂತ ಮೇಲೇ ಇದೀನಿ."

"ಹೃದಯದ ತೊಂದರೆ ಇರೋರು ಹತ್ತಬಾರದು ಅಂತ ಬರೆದಿದೆ ಅಜ್ಜಿ" ಎಂದಳು ಮಗಳು. ಆ ದಿನ ಅವಳ ಬಾಯಿಂದ ಬಂದ ಮೊದಲ ಪೂರ್ತಿ ವಾಕ್ಯ ಅದು.

"ಹೋದ ತಿಂಗಳಷ್ಟೇ ಡಾಕ್ಟರು ನನ್ನ ಹೃದಯ ನೋಡಿ ಹೊಗಳಿದಾರೆ. ಈ ಮಾತ್ರೆ ಎಲ್ಲ ಗ್ಯಾಸಿಗೆ" ಎಂದರು ಅತ್ತೆ.

ಮೂವರಿಗೂ ಗಾಡಿಯಲ್ಲಿ ಒಂದೇ ಸಾಲಿನ ಸೀಟು ಸಿಕ್ಕಿತು, ಅದೂ ಎಲ್ಲಕ್ಕಿಂತ ಮುಂದಿನದು. ಎದೆಯ ಮೇಲೆ ಕಂಬಿ ಬಂದು ಕೂತಿತು. ಗಾಡಿ ಕಟಕಟ ಎನ್ನುತ್ತಾ ಏರತೊಡಗಿತು. ಕತ್ತರಿ ಅಕ್ಕನ ಬಾಳೆಲ್ಲ ಕಳೆದದ್ದು ಯಾರದೋ ತಲೆಯ ಹಿಂದೆ ನಿಂತು. ಈಗ ಅವಳ ಮುಂದೆ ಒಂದು ತಲೆಯೂ ಇರಲಿಲ್ಲ. ಹಳಿ, ಆಮೇಲೆ ಹಳಿಯೂ ಇಲ್ಲ, ಬರೀ ಆಕಾಶ. ಯಾರೋ ಅವಳ ಕೈ ಹಿಡಿದರು. ಮಗಳು. ಈ ವರ್ಷ ರಸ್ತೆ ದಾಟುವಾಗಲೂ ಕೈ ಕೊಡದವಳು.

ಆಮೇಲೆ ಬಿದ್ದರು. ಹೊಟ್ಟೆ ಮೇಲೆ ಉಳಿಯಿತು, ಮೈ ಕೆಳಗೆ ಹೋಯಿತು. ಕತ್ತರಿ ಅಕ್ಕ ಕೂಗಿದಳು, ಮಗಳು ಕೂಗಿದಳು, ತಲೆಕೆಳಗಾದಾಗ ಇಬ್ಬರೂ ಕೂಗುತ್ತಲೇ ನಗುತ್ತಿದ್ದರು. ಆ ಪಕ್ಕದಿಂದ ಮಾತ್ರ ಚಕಾರವಿಲ್ಲ. ಅತ್ತೆಗೇನಾಯಿತೋ. ತಿರುಗಿ ನೋಡೋಣವೆಂದರೆ ಗಾಳಿ ಕತ್ತು ತಿರುಗಿಸಲು ಬಿಡದು. ಗಾಡಿ ನಿಂತಾಗ ಮೊದಲು ಅತ್ತೆಯ ಕಡೆ ನೋಡಿದಳು. ಅತ್ತೆ ಕಣ್ಣರಳಿಸಿ ನೆಟ್ಟಗೆ ಕೂತಿದ್ದರು, ಕೂದಲೆಲ್ಲ ಹಿಂದಕ್ಕೆ ನಿಂತಿತ್ತು.

"ಅತ್ತೆ? ಅತ್ತೆ, ಮಾತಾಡಿ."

"ಇಳಿಯಲೇಬೇಕಾ?" ಎಂದರು ಅತ್ತೆ. "ಹೀಗೇ ಕೂತಿದ್ರೆ ಇನ್ನೊಂದು ಸುತ್ತು ಕರ್ಕೊಂಡು ಹೋಗಲ್ವಾ?"

ಆ ಮೇಲಿನ ದಿನಗಳನ್ನು ಹೇಳುತ್ತಾ ಹೋದರೆ ಮುಗಿಯುವುದಿಲ್ಲ. ಡೈನೋಸಾರ್ ಇತ್ತು. ಅದು ಬಾಯಿ ತೆರೆದು ಗುರ್ ಎಂದಾಗ ಮಗ ಅಪ್ಪನ ಕಾಲ ಹಿಂದೆ ಅಡಗಿ, ಆಮೇಲೆ ನಾಲ್ಕು ಸಲ ಅದನ್ನೇ ನೋಡಲು ಹೋದ. ಗಂಡ ಪ್ರತಿ ಆಟದ ಮುಂದೆಯೂ ನಿಂತು ಮೋಟಾರಿನ ಸದ್ದು ಕೇಳಿಸಿಕೊಂಡು ತಲೆಯಾಡಿಸುತ್ತಿದ್ದ. ಕೊನೆಗೆ ತಾಯಿಯ ಮೂದಲಿಕೆ ತಾಳಲಾರದೆ ತಾನೂ ಕೆಂಪು ಹಳಿ ಹತ್ತಿದ. ಇಳಿದಾಗ ಮುಖ ಬಿಳಿಚಿಕೊಂಡಿತ್ತು. "ಬ್ರೇಕು ಚೆನ್ನಾಗಿದೆ" ಎಂದಷ್ಟೇ ಹೇಳಿ ಬಹಳ ಹೊತ್ತು ಬೆಂಚಿನಲ್ಲಿ ಕೂತ. ಜೊತೆಗಾರ್ತಿಗೆ ಫೋನು ಮಾಡಿ ಅಂಗಡಿ ಹೇಗಿದೆ ಎಂದು ಕೇಳಬೇಕೆಂದು ಕತ್ತರಿ ಅಕ್ಕ ದಿನವೂ ಅಂದುಕೊಂಡಳು, ದಿನವೂ ಮರೆತಳು.

ಕೊನೆಯ ಬೆಳಗ್ಗೆ ಹನ್ನೊಂದಕ್ಕೆ ರೂಮು ಬಿಡಬೇಕಿತ್ತು. ಅವಳು ಅಡುಗೆಮನೆಯಲ್ಲಿ ಬ್ರೆಡ್ಡಿಗೆ ಜಾಮ್ ಸವರಿ ದಾರಿಗೆ ಕಟ್ಟುತ್ತಿದ್ದಳು. ಗಂಡ ಮಂಚದ ಕೆಳಗೆ ಬಗ್ಗಿ ಬಿಟ್ಟುಹೋದ ಸಾಕ್ಸು ಹುಡುಕುತ್ತಿದ್ದ, ಟಿವಿಯ ಗಾಜನ್ನು ಕೂಡ ಕರವಸ್ತ್ರದಿಂದ ಒರೆಸಿಟ್ಟಿದ್ದ. ಮಗಳು ಶೂ ಹಾಕಿಕೊಂಡು ಬಂದು ಅಮ್ಮನ ಪಕ್ಕ ನಿಂತಳು.

"ಅಮ್ಮ, ಪಾರ್ಕು ಈಗ ತೆರೀತಾರೆ."

"ಹೌದು."

"ನಾವಿಬ್ಬರೇ ಒಂದ್ಸಲ ಹೋಗಿ ಬರೋಣ್ವಾ? ಓಡಿದ್ರೆ ಆಗತ್ತೆ. ಹಿಂದಿನ ಸೀಟು ಇನ್ನೂ ಜೋರಂತೆ."

ಕತ್ತರಿ ಅಕ್ಕ ಕೈಯಲ್ಲಿದ್ದ ಚಾಕು ನೋಡಿದಳು, ಕಟ್ಟದೆ ಬಿದ್ದ ಬ್ಯಾಗುಗಳನ್ನು ನೋಡಿದಳು. ಬಾಲ್ಕನಿಯಲ್ಲಿದ್ದ ಅತ್ತೆ ತಿರುಗಿಯೂ ನೋಡದೆ, "ಹೋಗಮ್ಮಾ, ಜಾಮು ನಾನು ಹಚ್ತೀನಿ" ಎಂದರು.

ಅವಳು ಚಪ್ಪಲಿಯಲ್ಲೇ ಹೊರಟಳು. ಲಿಫ್ಟಿಗೆ ಕಾಯದೆ ಇಬ್ಬರೂ ಮೆಟ್ಟಿಲಿಳಿದರು, ಕೌಂಟರಿನ ಹುಡುಗನನ್ನು ದಾಟಿದರು, ಹೂಕುಂಡಗಳ ನಡುವಿನ ದಾರಿಯಲ್ಲಿ ಓಡಿದರು. ಹಿಂದಿನಿಂದ ಮೇಲಿನ ಬಾಲ್ಕನಿಯಲ್ಲಿ ಗಂಡ ಬಗ್ಗಿ, ಬಸ್ಸಿನ ಸಮಯವನ್ನೇನೋ ಕೂಗಿ ಹೇಳುತ್ತಿದ್ದ. ಅವಳು ಕೈ ಬೀಸಿದಳು, ನಿಲ್ಲಲಿಲ್ಲ. ಮಗಳ ಜಡೆ ಬಿಚ್ಚಿ ಹಾರಾಡುತ್ತಿತ್ತು. ಬೇರೆ ದಿನವಾಗಿದ್ದರೆ ನಿಲ್ಲಿಸಿ ಕಟ್ಟುತ್ತಿದ್ದಳು.

ಬಾಗಿಲು ಆಗತಾನೇ ತೆರೆದಿತ್ತು. ಸಾಲಿನಲ್ಲಿ ಅವರೇ ಮೊದಲು. ಅವರು ಹೊರಡಬೇಕಿದ್ದ ಬಸ್ಸು ಆ ದಿನ ಅವರನ್ನು ಬಿಟ್ಟು ಹೋಯಿತು, ಮುಂದಿನದಕ್ಕೆ ಎಲ್ಲರೂ ಬಹಳ ಹೊತ್ತು ಕಾಯಬೇಕಾಯಿತು. ಮಗಳು ಹೇಳಿದ್ದು ನಿಜ. ಹಿಂದಿನ ಸೀಟು ಇನ್ನೂ ಜೋರಾಗಿತ್ತು.